ನೊಬುನಾಗಾನ ಮೂರು ಸಾವಿರ ಬಂದೂಕು: ಸಮುರಾಯ್ ಪುಸ್ತಕಗಳಲ್ಲಿ ಯಾರನ್ನ ನಂಬೋದು?

ಹೊಸ_ಓದುಗ
ಎಲ್ಲರಿಗೂ ನಮಸ್ಕಾರ. ಜಪಾನಿನ ಸಮುರಾಯ್ ದೊರೆಗಳ ಮೇಲೆ ಬಂದಿರೋ ಇಂಗ್ಲಿಷ್ ಪುಸ್ತಕಗಳನ್ನ ಒಂದರ ಹಿಂದೆ ಒಂದು ತರಿಸಿ ಓದ್ತಿದೀನಿ. ಓಡಾ ನೊಬುನಾಗಾ, ತೊಯೊತೊಮಿ ಹಿದೆಯೋಶಿ, ತೊಕುಗಾವಾ ಇಯೆಯಾಸು, ಈ ಮೂವರ ಕಥೆಯೇ ಜಾಸ್ತಿ. ಓದಿಸಿಕೊಂಡು ಹೋಗ್ತವೆ, ಅದರಲ್ಲಿ ಎರಡು ಮಾತಿಲ್ಲ.

ತಲೆಬಿಸಿ ಆಗಿರೋದು 1575ರ ನಾಗಾಶಿನೊ ಯುದ್ಧದ್ದು. ಮೊದಲನೇ ಪುಸ್ತಕದ ಪ್ರಕಾರ ನೊಬುನಾಗಾ 3000 ಬಂದೂಕು ತಂದ, ಮೂರು ಸಾಲು ಮಾಡಿ ನಿಲ್ಲಿಸಿದ, ಒಂದು ಸಾಲು ಹೊಡೀವಾಗ ಉಳಿದೆರಡು ಮದ್ದು ತುಂಬ್ತಿದ್ದವು, ತಾಕೆದಾ ಕತ್ಸುಯೋರಿಯ ಕುದುರೆದಂಡು ಬೇಲಿ ಮುಟ್ಟೋ ಮೊದಲೇ ನೆಲ ಕಚ್ಚಿತು. ಎರಡನೇ ಪುಸ್ತಕದವರು ಮೂರು ಸಾಲೂ ಇಲ್ಲ, ಮೂರು ಸಾವಿರವೂ ಇಲ್ಲ, ಎಲ್ಲಾ ಆಮೇಲೆ ಕಟ್ಟಿದ ಕಥೆ ಅಂತಾರೆ. ಮೂರನೆಯವರು ಜಾಣರು, ಆ ಗೋಜಿಗೇ ಹೋಗಿಲ್ಲ. ಮೂರರ ಬೆನ್ನುಡಿಯಲ್ಲೂ 'ಅಧಿಕೃತ' ಅಂತಾನೇ ಹಾಕಿರೋದು!

ಯಾರನ್ನ ನಂಬೋದು? ಒಂದೇ ಒಂದು ಪುಸ್ತಕ ಓದು ಅಂದ್ರೆ ಯಾವುದನ್ನ ಹೇಳ್ತೀರಾ? ಜಪಾನಿ ಭಾಷೆ ಬರಲ್ಲ.

ಗೇಮರ್_ಗುಂಡ
ಗೇಮಲ್ಲಿ ಮೂರು ಸಾಲು ನಿಲ್ಸಿದ್ರೆ ಗೆಲುವು ಗ್ಯಾರಂಟಿ ಗುರು. ಇತಿಹಾಸಕಾರರು ಒಂದ್ಸಲ ಆಡಿ ನೋಡ್ಲಿ.

ಹಾಸನದ_ಮೇಷ್ಟ್ರು
ನಿಮ್ಮ ಎರಡನೇ ಪುಸ್ತಕ ಸತ್ಯಕ್ಕೆ ಹತ್ತಿರ. ಗೊಂದಲಕ್ಕೆ ಕಾರಣ ಏನಂದ್ರೆ, ನೊಬುನಾಗಾನ ಬಗ್ಗೆ ಹೆಚ್ಚುಕಮ್ಮಿ ಒಂದೇ ಹೆಸರಿನ ಎರಡು ಹಳೇ ಚರಿತ್ರೆಗಳಿವೆ. ಒಂದು ಓತಾ ಗ್ಯೂಇಚಿ ಬರೆದದ್ದು. ಈತ ಬಿಲ್ಲುಗಾರನಾಗಿ ನೊಬುನಾಗಾನ ಸೇವೆಯಲ್ಲಿದ್ದವನು. ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ವಯಸ್ಸಾದ ಮೇಲೆ ಗ್ರಂಥ ಮಾಡಿದ. ಇನ್ನೊಂದು ಓಝೆ ಹೋಆನ್ ಅನ್ನೋ ವೈದ್ಯನದ್ದು. ಕನ್ಫ್ಯೂಶಿಯಸ್ ಪಾಠ ಓದಿಕೊಂಡ ಪಂಡಿತ. ಗ್ಯೂಇಚಿಯ ಬರಹವನ್ನೇ ಎದುರಿಗಿಟ್ಟುಕೊಂಡು, ನೀತಿಬೋಧೆ ಬೆರೆಸಿ, ರಂಗು ಹಚ್ಚಿ 17ನೇ ಶತಮಾನದ ಆರಂಭದಲ್ಲಿ ಹೊರಗೆ ತಂದ.

ಸರದಿ ಮೇಲೆ 3000 ಬಂದೂಕು ಹಾರಿದ್ದು ಹೋಆನನ ಪುಸ್ತಕದಲ್ಲಿ. ಗ್ಯೂಇಚಿ ಹೇಳೋದು ಸುಮಾರು ಸಾವಿರ ಬಂದೂಕು, ನೋಡಿಕೊಳ್ಳೋಕೆ ಐದು ಜನ ಸರದಾರರು. ಅದಕ್ಕೂ ಮೊದಲು ಬೆಟ್ಟ ಬಳಸಿಕೊಂಡು ಹೋದ ತುಕಡಿಗೆ ಕೊಟ್ಟ 500 ಬೇರೆ. ಸರದಿ ಸಾಲಿನ ಸುದ್ದಿಯೇ ಅವನಲ್ಲಿಲ್ಲ.

ಆದ್ರೆ ಅಚ್ಚಾಗಿ ಜನರ ಕೈಸೇರಿದ್ದು ಹೋಆನನ ಪುಸ್ತಕ. ಗ್ಯೂಇಚಿಯದು ಕೈಬರಹದ ಪ್ರತಿಗಳಲ್ಲೇ ಉಳೀತು. ಮುಂದೆ ಮೇಜಿ ಕಾಲದಲ್ಲಿ (1868-1912) ಸೈನ್ಯದವರು ಹಳೇ ಯುದ್ಧಗಳ ಇತಿಹಾಸ ಬರೆಸಿದಾಗ ಹೋಆನನ ದಾರಿಯಲ್ಲೇ ಹೋದರು. ಅಲ್ಲಿಂದ ಪಠ್ಯಪುಸ್ತಕ, ಆಮೇಲೆ ಸಿನಿಮಾ, ಆಮೇಲೆ ನಿಮ್ಮ ಮೊದಲನೇ ಪುಸ್ತಕ.

ಕೊಡಗಿನ_ಕೋವಿ
ಪುಸ್ತಕ ಬಿಡಿ, ಬಾಯಿಂದ ಮದ್ದು ತುಂಬೋ ಕೋವಿ ಕೈಯಲ್ಲಿ ಹಿಡಿದವರನ್ನ ಕೇಳಿ. ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿದು, ಕಿವಿಗೆ ಮದ್ದಿಟ್ಟು, ಬತ್ತಿ ಸರಿ ಮಾಡಿಕೊಂಡು ಗುರಿ ಹಿಡಿಯೋಕೆ ಪಳಗಿದವನಿಗೂ ಅರ್ಧ ನಿಮಿಷ ಬೇಕು. ಒಬ್ಬ ಬೇಗ ಮುಗಿಸ್ತಾನೆ, ಇನ್ನೊಬ್ಬ ತಡಕಾಡ್ತಾನೆ. ಸಾವಿರ ಜನ ಒಟ್ಟಿಗೆ ಢಂ ಅನ್ನಿಸಬೇಕು ಅಂದ್ರೆ ಬೇಗ ತುಂಬಿದವನು ಸುಮ್ಮನೆ ಕಾಯಬೇಕು. ಅದರ ಮೇಲೆ ಉರಿಯೋ ಬತ್ತಿ ಹಿಡಿದುಕೊಂಡು ಹಿಂದೆ ಮುಂದೆ ಜಾಗ ಬದಲಾಯಿಸೋದು ಬೇರೆ! ಒಬ್ಬನ ಬತ್ತಿ ಪಕ್ಕದವನ ಮದ್ದಿನ ಚೀಲಕ್ಕೆ ತಾಗಿದ್ರೆ ಅಲ್ಲೇ ದೀಪಾವಳಿ. ತುಂಬಿದವನು ತುಂಬಿದ ಹಾಗೆ ಹೊಡೀತಾ ಹೋಗಿದ್ದಾನೆ, ಅಷ್ಟೇ.

ನಾಗೋಯಾ_ಕನ್ನಡಿಗ
ಮೇಷ್ಟ್ರೇ, 'ಸುಮಾರು ಸಾವಿರ' ಅಂತ ಅಷ್ಟು ಸಲೀಸಾಗಿ ಹೇಳಿಬಿಡೋ ಹಾಗಿಲ್ಲ. ಗ್ಯೂಇಚಿಯ ಸ್ವಂತ ಕೈಬರಹದ ಪ್ರತಿ ಓಕಾಯಾಮಾ ವಿಶ್ವವಿದ್ಯಾಲಯದ ಇಕೆದಾ ಸಂಗ್ರಹದಲ್ಲಿದೆ. ಅದರಲ್ಲಿ 'ಸಾವಿರ' ಅಂತ ಬರೆದು, ಪಕ್ಕದಲ್ಲಿ ಚಿಕ್ಕದಾಗಿ 'ಮೂರು' ಅಂತ ಸೇರಿಸಿದೆ. ಅದನ್ನ ಅವನೇ ಆಮೇಲೆ ಸೇರಿಸಿದನೋ, ಹೋಆನನ ಪುಸ್ತಕ ನೋಡಿ ಬೇರೆ ಯಾರೋ ಗೀಚಿದರೋ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಒಂದು ಚಿಕ್ಕ ಅಕ್ಷರದ ಮೇಲೆ ಎರಡು ಸಾವಿರ ಬಂದೂಕು ನಿಂತಿದೆ ನೋಡಿ.

ನಾನಿರೋ ಕಡೆಯಿಂದ ಆ ಜಾಗ ದೂರ ಇಲ್ಲ, ಶಿನ್‌ಶಿರೊ ಪಟ್ಟಣದಲ್ಲಿದೆ. ಈದಾ ರೈಲ್ವೆ ಲೈನ್‌ನಲ್ಲಿ ಹೋಗಿ ಇಳೀಬೇಕು. ಪುಸ್ತಕ ಓದಿ ಹೋದವರಿಗೆ ದೊಡ್ಡ ಬಯಲು ಕಾಣುತ್ತೆ ಅನ್ನೋ ನಿರೀಕ್ಷೆ ಇರುತ್ತೆ. ಅಲ್ಲಿ ನೋಡಿದ್ರೆ ಎರಡು ದಿಬ್ಬಗಳ ಸಾಲು, ಮಧ್ಯೆ ಇಕ್ಕಟ್ಟಾದ ಭತ್ತದ ಗದ್ದೆ, ಗದ್ದೆಯಲ್ಲಿ ರೆಂಗೊ ಅನ್ನೋ ಹೊಳೆ. ಹೊಳೆ ಅನ್ನೋದು ದೊಡ್ಡ ಮಾತಾಯ್ತು, ಕಾಲುವೆ ಅನ್ನಿ. ಅದರ ದಡದಲ್ಲಿ ಕುದುರೆ ತಡೆಯೋ ಮರದ ಬೇಲಿಯನ್ನ ಈಗಿನವರು ಮತ್ತೆ ಕಟ್ಟಿ ನಿಲ್ಲಿಸಿದಾರೆ. ಯುದ್ಧ ಆಗಿದ್ದು ಜೂನ್ ಕೊನೆಗೆ, ಮಳೆಗಾಲದಲ್ಲಿ. ಆ ಕೆಸರುಗದ್ದೆಯಲ್ಲಿ ಕುದುರೆ ನಾಗಾಲೋಟ ಓಡಿಸೋದು ಹೇಗೆ ಅಂತ ಅಲ್ಲಿ ನಿಂತರೆ ಯಾರಿಗಾದ್ರೂ ಅನುಮಾನ ಬರುತ್ತೆ. ಆ ಕಾಲದ ಕುದುರೆಗಳೂ ಗಿಡ್ಡ, ಈಗಿನ ರೇಸ್ ಕುದುರೆಯ ಎತ್ತರ ಅಲ್ಲ. ಪಕ್ಕದಲ್ಲೇ ಮ್ಯೂಸಿಯಂ ಇದೆ, ಹಳೇ ಬಂದೂಕುಗಳ ಸಂಗ್ರಹ ಚೆನ್ನಾಗಿದೆ.

ಇನ್ನೊಂದು ವಿಷಯ. ಆ ಕಾಲದ ರಣರಂಗಗಳಲ್ಲಿ ಸಿಕ್ಕಿದ ಸೀಸದ ಗುಂಡುಗಳನ್ನ ಪರೀಕ್ಷೆ ಮಾಡಿದಾಗ ಕೆಲವದರ ಸೀಸ ಸಯಾಮಿನ, ಅಂದ್ರೆ ಈಗಿನ ಥಾಯ್ಲೆಂಡಿನ, ಗಣಿಯದ್ದು ಅಂತ ಗೊತ್ತಾಗಿದೆ. ನನಗೆ ಮೂರು ಸಾಲಿಗಿಂತ ಇದೇ ರೋಚಕ. ಸೀಸ, ಮದ್ದಿನ ಉಪ್ಪು ಎರಡೂ ಹಡಗಲ್ಲಿ ಬರಬೇಕು. ಬಂದರು ಯಾರ ಕೈಲಿದೆಯೋ ಅವನು ಗೆದ್ದ. ಸಕಾಯ್ ಬಂದರು ನೊಬುನಾಗಾನ ಹಿಡಿತದಲ್ಲಿತ್ತು, ಬೆಟ್ಟಗಳ ನಡುವಿನ ತಾಕೆದಾಗೆ ಅದಿರಲಿಲ್ಲ. ಜನಪ್ರಿಯ ಪುಸ್ತಕಗಳಲ್ಲಿ ಇದಕ್ಕೆ ಅರ್ಧ ಪ್ಯಾರಾ ಸಿಕ್ಕರೆ ಹೆಚ್ಚು.

ಧಾರವಾಡಿ_ದಾದಾ
ಅಲ್ರೀ ಮೇಷ್ಟ್ರ, ಗ್ಯೂಇಚಿ ಬರದದ್ದೆಲ್ಲಾ ಬಂಗಾರ, ಹೋಆನ್ ಬರದದ್ದೆಲ್ಲಾ ಹಿತ್ತಾಳಿ ಅಂದ್ರ ಹೆಂಗ? 1560ರ ಒಕೆಹಾಜಾಮಾ ಕಾಳಗ ತಗೋರಿ. ನೊಬುನಾಗಾ ಎರಡು ಮೂರು ಸಾವಿರ ಮಂದಿ ಕಟ್ಟಿಕೊಂಡು ಇಮಾಗಾವಾ ಯೋಶಿಮೊತೊನ ತಲಿ ತಗದದ್ದು. ನಿಮ್ಮ ಗ್ಯೂಇಚಿ ಅಲ್ಲಿ ಇಮಾಗಾವಾನ ದಂಡು 45,000 ಅಂತ ಬರದಾನ. ಈಗಿನ ಯಾವ ಇತಿಹಾಸಕಾರನೂ ಅದನ್ನ ಒಪ್ಪೂದಿಲ್ಲ, 25,000ಕ್ಕ ಹೌದು ಅನ್ನಾಕೂ ಹಿಂದಮುಂದ ನೋಡ್ತಾರ. ಅದೂ ಹೋಗ್ಲಿ, ಆ ಕಾಳಗ ಆದ ವರ್ಷಾನ ತಪ್ಪು ಹಾಕ್ಯಾನ, ಎಂಟು ವರ್ಷ ಹಿಂದ! ತನ್ನ ಧಣಿಯ ಅತಿ ದೊಡ್ಡ ಗೆಲುವಿನ ಇಸವಿ ನೆನಪಿಲ್ಲದವನ್ನ ಸಾಕ್ಷಿ ಕಟ್ಟಿಗೆ ಹತ್ತಸ್ತೀರಿ.

ಇನ್ನೊಂದು ಮಾತು. ಕಥಿ ಇಲ್ಲದಿದ್ರ ಯಾರು ಓದತಾರ್ರೀ? ನಾಗಾಶಿನೊದಾಗ ನನಗ ನೆನಪುಳಿದದ್ದು ಬಂದೂಕಲ್ಲ, ತೊರಿಯಿ ಸುನೆಏಮೊನ್. ಮುತ್ತಿಗಿ ಬಿದ್ದ ಕ್ವಾಟಿಯೊಳಗಿಂದ ರಾತ್ರಿ ನದಿ ಈಸಿ ಹೋಗಿ ಸಹಾಯ ಕೇಳಿ ಬಂದವ. ವಾಪಸ್ ಬರುವಾಗ ತಾಕೆದಾ ಮಂದಿ ಕೈಯಾಗ ಸಿಕ್ಕ. 'ಸಹಾಯ ಬರೂದಿಲ್ಲ ಅಂತ ಒದರು, ಜೀವಂತ ಬಿಡ್ತೀವಿ' ಅಂದ್ರು. ಅಂವ ಕ್ವಾಟಿ ಮುಂದ ನಿಂತು 'ಇನ್ನ ಸ್ವಲ್ಪ ತಡಕೋರಿ, ದಂಡು ಬರಾಕತ್ತೈತಿ' ಅಂತ ಒದರಿದ. ಅಲ್ಲೇ ಶಿಲುಬೆಗೆ ಏರಿಸಿ ಕೊಂದ್ರು. ಇದನ್ನ ಬಿಟ್ಟು ಬರೀ ಸೀಸದ ಲೆಕ್ಕ ಬರದ್ರ ಅದು ಪುಸ್ತಕ ಅಲ್ರೀ, ಗೋಡೌನ್ ರಜಿಸ್ಟರ್.

ನಾಗೋಯಾ_ಕನ್ನಡಿಗ
ದಾದಾ, ಸುನೆಏಮೊನ್ ಕಥೆಗೆ ಒಂದು ಬಾಲ ಇದೆ. ಶಿಲುಬೆ ಮೇಲಿನ ಅವನ ರೂಪವನ್ನ ಯುದ್ಧದ ಬಾವುಟದ ಮೇಲೆ ಬರೆಸಿಕೊಂಡವನು ತಾಕೆದಾ ಕಡೆಯ ಒಬ್ಬ ಯೋಧ. ಶತ್ರುವಿನ ಎದೆಗಾರಿಕೆ ಅಷ್ಟು ಹಿಡಿಸಿತ್ತು. ಮೈಯೆಲ್ಲ ಕೆಂಪು, ಕೈಕಾಲು ಚಾಚಿ ಕಟ್ಟಿದ ಹಾಗೆ ಚಿತ್ರ. ಬಾವುಟ ಈಗಲೂ ಇದೆ. ಈದಾ ಲೈನ್‌ನಲ್ಲಿ 'ತೊರಿಯಿ' ಅಂತ ಒಂದು ಪುಟ್ಟ ಸ್ಟೇಷನ್ನೂ ಇದೆ.

ಹಾಸನದ_ಮೇಷ್ಟ್ರು
ದಾದಾ ಅವರೇ, ಗ್ಯೂಇಚಿ ದೇವರು ಅಂತ ನಾನೆಲ್ಲೂ ಹೇಳಿಲ್ಲ. ಇಸವಿ ತಪ್ಪು ಅನ್ನೋದು ಅವನ ಮೊದಲ ಸಂಪುಟದ ಹಣೆಬರಹ. ನೊಬುನಾಗಾ ಕ್ಯೋಟೊ ಸೇರೋಕೆ ಮುಂಚಿನದ್ದೆಲ್ಲ ನೆನಪಿನ ಮೇಲೆ ಬರೆದದ್ದು. 1568ರಿಂದ ಮುಂದಕ್ಕೆ ವರ್ಷಕ್ಕೊಂದು ಸಂಪುಟ, ಅಲ್ಲಿ ಗಟ್ಟಿಯಾಗಿದ್ದಾನೆ. ಅದೇ ಒಕೆಹಾಜಾಮಾದಲ್ಲಿ ಹೋಆನ್ ಏನು ಮಾಡಿದ ನೋಡಿ: ನೊಬುನಾಗಾ ಬೆಟ್ಟ ಸುತ್ತಿ ಗುಟ್ಟಾಗಿ ಹಿಂದಿನಿಂದ ಬಿದ್ದ ಅಂತ ಮಾಡಿದ. ಗ್ಯೂಇಚಿಯಲ್ಲಿ ಸುತ್ತೂ ಇಲ್ಲ ಗುಟ್ಟೂ ಇಲ್ಲ. ಮುಂದಿನ ಠಾಣೆಗೆ ಹೋದ, ಆಲಿಕಲ್ಲು ಮಳೆ ಜೋರಾಗಿ ಬಂತು, ಮಳೆ ನಿಂತ ಕೂಡಲೇ ಎದುರಿಗೇ ನುಗ್ಗಿದ. ಹೋಆನನ ಆ 'ಗುಟ್ಟಿನ ದಾಳಿ'ಯನ್ನೇ ಮೇಜಿ ಸೈನ್ಯ ಮೆಚ್ಚಿ ಅಧಿಕಾರಿಗಳಿಗೆ ಪಾಠ ಮಾಡಿತು. ಕಮ್ಮಿ ಜನ, ದಿಢೀರ್ ದಾಳಿ, ದೊಡ್ಡ ಶತ್ರು ನಾಶ ಅನ್ನೋ ನಂಬಿಕೆ ಜಪಾನಿಗೆ ಎಷ್ಟು ದುಬಾರಿ ಆಯ್ತು ಅನ್ನೋದನ್ನ 1945ರವರೆಗಿನ ಚರಿತ್ರೆ ಓದಿದವರಿಗೆ ಹೇಳಬೇಕಾಗಿಲ್ಲ. ಕಥೆ ಬರೀ ಮಜಾಕ್ಕೆ ಅಂತ ಬಿಡೋ ಹಾಗಿಲ್ಲ.

ಧಾರವಾಡಿ_ದಾದಾ
1945ರ ಹೊಣಿ ಪಾಪದ ಹೋಆನ್ ತಲಿ ಮ್ಯಾಲ ಹಾಕಬ್ಯಾಡ್ರಿ ಸರ್. ಅಂವ ಸತ್ತು ಮುನ್ನೂರು ವರ್ಷ ಆಗಿತ್ತು.

ಕುಡ್ಲದ_ಕಡಲು
ನೀವೆಲ್ಲ ಜಪಾನಿ ಗ್ರಂಥ ಹಿಡಿದು ಕೂತಿದ್ದೀರಿ ಮಾರಾಯ್ರೆ. ನೊಬುನಾಗಾನ ಮುಖಾಮುಖಿ ಕೂತು ಮಾತಾಡಿದ ಹೊರಗಿನವ ಒಬ್ಬ ಉಂಟು, ಅವನಿಗೂ ನಮ್ಮ ಕಡಲಿಗೂ ಸಂಬಂಧ ಉಂಟು. ಲೂಯಿಸ್ ಫ್ರೋಯ್ಸ್, ಜೆಸ್ವಿಟ್ ಪಾದ್ರಿ. ಲಿಸ್ಬನ್‌ನಲ್ಲಿ ಹುಟ್ಟಿ 1548ರಲ್ಲಿ ಗೋವಾಕ್ಕೆ ಬಂದವ, ಪಾದ್ರಿಯಾದದ್ದು ಇಲ್ಲಿಯೇ. ಜಪಾನ್ ಮುಟ್ಟಿದ್ದು 1563ರಲ್ಲಿ. ಅವನು ಗೋವಾಕ್ಕೆ ಬಂದ ಅದೇ ವರ್ಷ ಕಾಗೋಶಿಮಾದ ಅಂಜಿರೊ ಎನ್ನುವವನಿಗೆ ಗೋವಾದಲ್ಲಿ ದೀಕ್ಷಾಸ್ನಾನ ಆಗಿತ್ತು. ಫ್ರಾನ್ಸಿಸ್ ಕ್ಸೇವಿಯರ್ ಜಪಾನಿಗೆ ಹೋದದ್ದು ಅವನನ್ನು ಕರೆದುಕೊಂಡೇ.

ಫ್ರೋಯ್ಸ್ 1569ರಲ್ಲಿ ನೊಬುನಾಗಾನನ್ನು ಕಂಡದ್ದು ಕ್ಯೋಟೊದಲ್ಲಿ ಶೋಗುನ್‌ನ (ಸೈನ್ಯದ ಬಲದಿಂದ ಆಳುವ ಅಧಿಪತಿಯ) ಕೋಟೆ ಕಟ್ಟಿಸುವ ಕಡೆ, ಸೇತುವೆಯ ಮೇಲೆ. ದೊರೆ ತಾನೇ ನಿಂತು ಕೆಲಸ ಮಾಡಿಸುತ್ತಿದ್ದ, ಕೂರಲಿಕ್ಕೆ ಹುಲಿ ಚರ್ಮ. ಒಬ್ಬ ಸೈನಿಕ ತಮಾಷೆಗೆ ಒಬ್ಬ ಹೆಂಗಸಿನ ಮುಸುಕು ಎತ್ತಿ ನೋಡಿದ್ದು ಕಣ್ಣಿಗೆ ಬಿತ್ತು. ಅಲ್ಲಿಯೇ ಅವನ ತಲೆ ಹಾರಿಸಿದ, ತನ್ನ ಕೈಯಾರೆ. ಉದ್ದ ತೆಳ್ಳಗಿನ ಆಳು, ಗಡ್ಡ ಕಮ್ಮಿ, ಸ್ವರ ಗಟ್ಟಿ, ಎದುರು ಮಾತಾಡುವ ಧೈರ್ಯ ಯಾರಿಗೂ ಇಲ್ಲ ಅಂತೆಲ್ಲ ಬರೆದಿದ್ದಾನೆ. ಈಗ ಯಾವ ಪುಸ್ತಕ ತೆರೆದರೂ ನೊಬುನಾಗಾನ ಸ್ವಭಾವದ ವರ್ಣನೆ ಅಲ್ಲಿಂದಲೇ ಎತ್ತಿದ್ದು.

ಹಾಸನದ_ಮೇಷ್ಟ್ರು
ಸರಿಯಾಗಿ ಹೇಳಿದ್ರಿ. ಆದ್ರೆ ಫ್ರೋಯ್ಸ್‌ನನ್ನೂ ಸೋಸಿಯೇ ಕುಡೀಬೇಕು. ನೊಬುನಾಗಾ ತನ್ನನ್ನೇ ದೇವರು ಅಂತ ಪೂಜಿಸಬೇಕು ಅಂತ ತನ್ನ ಕೋಟೆಯಿದ್ದ ಆಜುಚಿಯಲ್ಲಿ ಆಜ್ಞೆ ಹೊರಡಿಸಿದ ಅನ್ನೋ ಕಥೆ ಇದೆಯಲ್ಲ, ಅದು ಬರೋದು ಫ್ರೋಯ್ಸ್‌ನಲ್ಲಿ ಮಾತ್ರ, ಅದೂ ನೊಬುನಾಗಾ ಸತ್ತ ಮೇಲೆ. ಅಹಂಕಾರಕ್ಕೆ ದೇವರು ಶಿಕ್ಷೆ ಕೊಟ್ಟ ಅಂತ ಯುರೋಪಿನ ಓದುಗರಿಗೆ ತೋರಿಸೋಕೆ ಅದು ಅನುಕೂಲ. ಜಪಾನಿ ದಾಖಲೆಗಳಲ್ಲಿ ಇದರ ಸುಳಿವಿಲ್ಲ.

ಬೆಟ್ಟದ_ಹೂವಾಡಿಗ
ವಿಜಯನಗರಕ್ಕೂ ಇದೇ ಗತಿ ಅಲ್ವಾ? ಹಂಪಿಯ ವೈಭವ ಅಂದ ತಕ್ಷಣ ಪಾಯೆಸ್, ನೂನಿಜ್. 1900ರಲ್ಲಿ ರಾಬರ್ಟ್ ಸೆವೆಲ್ ಆ ಪೋರ್ಚುಗೀಸ್ ಬರಹಗಳನ್ನ ಇಂಗ್ಲಿಷಿಗೆ ತಂದ ಮೇಲೆ ನಾವೆಲ್ಲ ಅವರ ಕಣ್ಣಲ್ಲೇ ಕೃಷ್ಣದೇವರಾಯನನ್ನ ನೋಡ್ತಾ ಬಂದಿದೀವಿ. ಒಕೆಹಾಜಾಮಾ 1560, ರಕ್ಕಸ-ತಂಗಡಿ 1565. ಆ ಕಡೆ ಒಂದು ರಾಜ್ಯ ಏಳೋ ಹೊತ್ತಿಗೆ ಈ ಕಡೆ ಒಂದು ಬಿತ್ತು.

ಗೇಮರ್_ಗುಂಡ
ಪಾದ್ರಿ ವಿಷ್ಯ ಬಂತಲ್ಲ, ಯಾಸುಕೆ ಬಗ್ಗೆ ಯಾರೂ ಹೇಳ್ತಿಲ್ಲ? ಆಫ್ರಿಕಾದ ಸಮುರಾಯ್! ನೊಬುನಾಗಾನ ಬಲಗೈ ಬಂಟ! ಅವನ ಮೇಲೆ ಇಡೀ ಪುಸ್ತಕಗಳೇ ಇವೆ.

ನಾಗೋಯಾ_ಕನ್ನಡಿಗ
ಯಾಸುಕೆ ಇದ್ದದ್ದು ನಿಜ. ಗೋವಾದಿಂದ ಹೊರಟ ಜೆಸ್ವಿಟ್ ಮುಖ್ಯಸ್ಥ ವಾಲಿಗ್ನಾನೊ ಜೊತೆಗಾರನಾಗಿ ಬಂದವನು. 1581ರಲ್ಲಿ ಕ್ಯೋಟೊದಲ್ಲಿ ಅವನನ್ನ ನೋಡೋಕೆ ಜನ ಮುಗಿಬಿದ್ದರು. ನೊಬುನಾಗಾಗೆ ಆ ಮೈಬಣ್ಣ ನಿಜವಾ ಅಂತ ಅನುಮಾನ, ಮೈ ತೊಳೆಸಿ ನೋಡಿದ. 26-27 ವಯಸ್ಸು, ಹತ್ತು ಜನರ ಬಲ ಅಂತ ಗ್ಯೂಇಚಿ ಬರೆದಿದ್ದಾನೆ. ಇಯೆಯಾಸು ಕಡೆಯ ಮಾತ್ಸುದಾಯಿರಾ ಇಯೆತಾದಾ ತನ್ನ ದಿನಚರಿಯಲ್ಲಿ ಹೆಸರು ಯಾಸುಕೆ, ಎತ್ತರ ಆರು ಶಾಕು ಎರಡು ಬು, ಅಂದ್ರೆ ಸುಮಾರು 182 ಸೆಂ.ಮೀ. ಅಂತ ಗುರುತು ಮಾಡಿದ್ದಾನೆ. ಸಂಬಳ ಇತ್ತು. ಒಂದು ಹಸ್ತಪ್ರತಿಯ ಪ್ರಕಾರ ಮನೆ, ಕಿರುಗತ್ತಿಯೂ ಸಿಕ್ಕಿತ್ತು.

1582ರಲ್ಲಿ ಹೊನ್ನೋಜಿ ದೇವಾಲಯದಲ್ಲಿ ಸರದಾರ ಅಕೆಚಿ ಮಿತ್ಸುಹಿದೆ ತಿರುಗಿಬಿದ್ದು ನೊಬುನಾಗಾ ಸತ್ತಾಗ, ಯಾಸುಕೆ ನೊಬುನಾಗಾನ ಮಗನ ಕಡೆ ಹೋಗಿ ಕಾದಾಡಿ ಸಿಕ್ಕಿಬಿದ್ದ. ಮಿತ್ಸುಹಿದೆ ಅವನನ್ನ ಕೊಲ್ಲದೆ ಪಾದ್ರಿಗಳ ಇಗರ್ಜಿಗೆ ಕಳಿಸಿದ. ಅಲ್ಲಿಗೆ ದಾಖಲೆ ಮುಗೀತು.

ಎಲ್ಲ ಸೇರಿಸಿದ್ರೆ ಎರಡು ಮೂರು ಪುಟ. ಅದನ್ನ ನಾನೂರು ಪುಟ ಮಾಡಬೇಕು ಅಂದ್ರೆ ಉಳಿದದ್ದನ್ನ 'ಇದ್ದಿರಬಹುದು', 'ಅನಿಸಿರಬೇಕು' ಅಂತಲೇ ತುಂಬಿಸಬೇಕು. ಸಮುರಾಯೋ ಅಲ್ಲವೋ ಅಂತ ಇಂಟರ್ನೆಟ್‌ನಲ್ಲಿ ಬಡಿದಾಡೋರಲ್ಲಿ ಈ ಎರಡು ಪುಟ ಓದಿದವರು ಕಮ್ಮಿ.

ಕುಡ್ಲದ_ಕಡಲು
ವಾಲಿಗ್ನಾನೊ ಹೆಸರು ಬಂತಲ್ಲ, ಒಂದು ಮಾತು ಹೇಳಿ ಬಿಡುತ್ತೇನೆ. ಅವನು ಎರಡನೇ ಸಲ ಹೋದದ್ದು ಬರೀ ಪಾದ್ರಿಯಾಗಿ ಅಲ್ಲ, ಗೋವಾದ ವೈಸರಾಯ್‌ಯ ರಾಯಭಾರಿಯಾಗಿ. 1591ರಲ್ಲಿ ಹಿದೆಯೋಶಿಯ ಮುಂದೆ ನಿಂತು ಪತ್ರ ಕೊಟ್ಟ, ಜೊತೆಗೆ ಅರಬ್ಬೀ ಕುದುರೆ ಕಾಣಿಕೆ. ವಿಜಯನಗರದವರಿಗೆ ಗೋವಾದಿಂದ ಹೋಗುತ್ತಿದ್ದ ಅದೇ ಅರಬ್ಬೀ ಕುದುರೆ! 1588ರಲ್ಲಿ ಬರೆದ ಆ ಪತ್ರ ಸುತ್ತಲೂ ಬಣ್ಣದ ಚಿತ್ರದ ಅಂಚಿನ ಚರ್ಮಪತ್ರ. ಈಗಲೂ ಕ್ಯೋಟೊದ ಮ್ಯೋಹೋ-ಇನ್ ದೇವಾಲಯದ್ದು, ರಾಷ್ಟ್ರೀಯ ನಿಧಿ ಅಂತ ಘೋಷಣೆ ಆಗಿದೆ. ಇದರ ಬಗ್ಗೆ ಒಂದು ಒಳ್ಳೆಯ ಪುಸ್ತಕ ಯಾರಾದರೂ ಬರೆದರೆ ನಾನು ಮೊದಲು ತೆಗೆದುಕೊಳ್ಳುತ್ತೇನೆ.

ನಿರ್ವಾಹಕ
ಕುದುರೆ ವ್ಯಾಪಾರಕ್ಕೆ ಬೇರೆ ಎಳೆ ಇದೆ. ಇಲ್ಲಿ ಪುಸ್ತಕಗಳ ಬಗ್ಗೆ ಮಾತಾಡಿ.

ಮಲ್ಲಿಗೆ_ಮೊಗ್ಗು
ಪುಸ್ತಕಗಳ ಬಗ್ಗೆಯೇ ಹೇಳ್ತೀನಿ. ಈ ಪುಸ್ತಕಗಳಲ್ಲಿ ಹೆಂಗಸರು ಬರೋದು ಯಾವಾಗ? ಮದುವೆ ಮಾಡಿ ಕಳಿಸೋವಾಗ, ಇಲ್ಲ ಕೋಟೆ ಜೊತೆ ಸುಟ್ಟುಹೋಗೋವಾಗ. ನೊಬುನಾಗಾನ ತಂಗಿ ಓಇಚಿ ಪಾಡು ನೋಡಿ, ಎರಡೂ ಆಯ್ತು.

ನನಗೆ ನೊಬುನಾಗಾ ಮನುಷ್ಯ ಅಂತ ಅನಿಸಿದ್ದು ಯುದ್ಧದ ಪುಟದಲ್ಲಲ್ಲ, ಹಿದೆಯೋಶಿಯ ಹೆಂಡತಿ ನೆನೆಗೆ ಬರೆದ ಕಾಗದದಲ್ಲಿ. ಗಂಡನ ಹೆಣ್ಣುಚಪಲದ ಬಗ್ಗೆ ಆಕೆ ದೂರಿರಬೇಕು. ಅದಕ್ಕೆ ಈತ ಹೇಳೋ ಸಮಾಧಾನ ಕೇಳಿ: ಹಿಂದಿನ ಸಲ ನೋಡಿದ್ದಕ್ಕಿಂತ ನಿನ್ನ ಚೆಲುವು ದುಪ್ಪಟ್ಟಾಗಿದೆ, ಆ ಬೋಳು ಇಲಿಗೆ ಎಲ್ಲಿ ಹುಡುಕಿದ್ರೂ ನಿನ್ನಂಥವಳು ಸಿಗಲ್ಲ, ಹಿರಿಯ ಹೆಂಡತಿಗೆ ತಕ್ಕ ಹಾಗೆ ಗಂಭೀರವಾಗಿರು, ಹೊಟ್ಟೆಕಿಚ್ಚು ಪಡಬೇಡ. ಕೊನೆಗೆ ಈ ಕಾಗದ ಹಿದೆಯೋಶಿಗೂ ತೋರಿಸು ಅಂತಾನೆ. ಅದರ ಮೇಲೆ ರಾಜ್ಯದ ವ್ಯವಹಾರಕ್ಕೆ ಹಾಕೋ ಮುದ್ರೆ! ಗಂಡಹೆಂಡಿರ ಜಗಳಕ್ಕೆ ಸರ್ಕಾರಿ ಸೀಲು. ಮೂಲ ಕಾಗದ ಉಳಿದಿದೆ. ಇಂಥದ್ದು ಕೈಯಲ್ಲಿರುವಾಗ ಕೋಟೆ ಸುಡೋದನ್ನೇ ಹತ್ತು ಅಧ್ಯಾಯ ಯಾಕೆ ಬರೀತಾರೋ.

ಧಾರವಾಡಿ_ದಾದಾ
ಬೋಳು ಇಲಿ! ಅಕ್ಕಾರ, ಇದನ್ನ ಮೊದಲ ಹೇಳಬೇಕಿಲ್ಲೇನ್ರೀ.

ಸುವಾನ್_ಸುಬ್ರಾಯ
ಕೊರಿಯಾದಲ್ಲಿ ಕೆಲಸ ಮಾಡೋನಾಗಿ ನನ್ನ ತಕರಾರು ಬೇರೆ. ಜನಪ್ರಿಯ ಪುಸ್ತಕಗಳಲ್ಲಿ ಹಿದೆಯೋಶಿ ಅಂದ್ರೆ ಬಡರೈತನ ಮಗ ಮೇಲೆ ಬಂದ ಕಥೆ. ಚಳೀಲಿ ನೊಬುನಾಗಾನ ಚಪ್ಪಲಿ ಎದೆಗಿಟ್ಟು ಬೆಚ್ಚಗೆ ಮಾಡಿದ್ದು, ರಾತ್ರೋರಾತ್ರಿ ಸುನೊಮಾತಾ ಕೋಟೆ ಕಟ್ಟಿದ್ದು ಇತ್ಯಾದಿ. ಅವನು ಒಂದೂವರೆ ಲಕ್ಷಕ್ಕೂ ಮಿಕ್ಕಿ ಸೈನ್ಯ ಕಳಿಸಿ 1592ರಿಂದ 1598ರವರೆಗೆ ಕೊರಿಯಾವನ್ನ ಹಾಳುಗೆಡವಿದ್ದು ಮಾತ್ರ ಕೊನೇ ಅಧ್ಯಾಯದಲ್ಲಿ 'ವೃದ್ಧಾಪ್ಯದ ಭ್ರಮೆ' ಅಂತ ಮುಗಿದುಹೋಗುತ್ತೆ. ಭ್ರಮೆ ಅಂತೆ! ಅಷ್ಟು ಜನಕ್ಕೆ ಅಕ್ಕಿ, ಹಡಗು ಹೊಂದಿಸಿದ್ದು ಭ್ರಮೇಲಾ?

ಇಲ್ಲಿ ಯಾವ ಮಗುವನ್ನ ಕೇಳಿದ್ರೂ ನೌಕಾಪತಿ ಯಿ ಸುನ್-ಸಿನ್ ಹೆಸರು ಹೇಳುತ್ತೆ. ಸೋಲ್ ನಗರದ ನಡುಮಧ್ಯೆ ಪ್ರತಿಮೆ ಇದೆ. 1597ರಲ್ಲಿ ಮ್ಯೊಂಗ್ನ್ಯಾಂಗ್ ಜಲಸಂಧಿಯಲ್ಲಿ 13 ಹಡಗು ಇಟ್ಟುಕೊಂಡು ನೂರಕ್ಕೂ ಹೆಚ್ಚು ಜಪಾನಿ ಹಡಗು ತಡೆದವನು, ದಿನಚರಿಯನ್ನೂ ಬರೆದಿಟ್ಟವನು. ಆಗ ಕೊಂದವರ ಲೆಕ್ಕಕ್ಕೆ ಅಂತ ಜಪಾನಿ ಸೈನಿಕರು ಮೂಗು ಕೊಯ್ದು ಉಪ್ಪು ಹಾಕಿ ಕಳಿಸಿದ್ರು. ಅವನ್ನ ಹೂತ ದಿಬ್ಬ ಕ್ಯೋಟೊದಲ್ಲಿ ಹಿದೆಯೋಶಿಯ ಗುಡಿಯ ಎದುರಿಗೇ ಇದೆ. ಗುಡಿ ನೋಡೋರೆಲ್ಲ ದಿಬ್ಬದ ತನಕ ಬರಲ್ಲ. ಹಿಡಿದುಕೊಂಡು ಹೋದ ಕೊರಿಯಾದ ಕುಂಬಾರರಿಂದಲೇ ಅರಿತಾ ಪಿಂಗಾಣಿ ಶುರುವಾಗಿದ್ದು. ಆ ಯುದ್ಧ ಇಲ್ಲದ ಹಿದೆಯೋಶಿ ಪುಸ್ತಕವನ್ನ ನಾನು ಅರ್ಧಂಬರ್ಧ ಅಂತಲೇ ಹೇಳೋದು.

ನಾಗೋಯಾ_ಕನ್ನಡಿಗ
ಸುಬ್ರಾಯರೇ, ನಿಮ್ಮ ಮಾತಿಗೆ ಎದುರಾಡಲ್ಲ. ಹೊಸಬರಿಗೊಂದು ಎಚ್ಚರಿಕೆ: ಆ ಯುದ್ಧಕ್ಕೆ ಹಿದೆಯೋಶಿ ಬೀಡುಬಿಟ್ಟ 'ನಾಗೋಯಾ ಕೋಟೆ' ನಮ್ಮೂರಿನದಲ್ಲ, ಕ್ಯೂಶೂ ದ್ವೀಪದ್ದು. ಅವನು ಸಮುದ್ರ ದಾಟಲೇ ಇಲ್ಲ, ಅಲ್ಲೇ ಚಹಾ ಕೂಟ ಮಾಡಿಕೊಂಡಿದ್ದ.

ಸುನೊಮಾತಾ ರಾತ್ರಿಕೋಟೆ ಕಥೆ ಇನ್ನೂ ಮಜಾ. ಅದರ ವಿವರಗಳೆಲ್ಲ ಇರೋ ಒಂದು ಕುಟುಂಬದ ಹಳೇ ಕಡತ 1959ರ ಚಂಡಮಾರುತದಲ್ಲಿ ಉಗ್ರಾಣ ಕುಸಿದಾಗ ಸಿಕ್ಕಿತು ಅಂತ ಹೇಳ್ತಾರೆ. ಅಚ್ಚಾದ ಮೇಲೆ ಕಾದಂಬರಿಕಾರರು, ಟೀವಿಯವರು ಮುಗಿಬಿದ್ದರು. ಆ ಕಡತವೇ ಆಮೇಲೆ ಹುಟ್ಟಿಸಿದ್ದು ಅಂತ ಬಹಳ ಜನ ವಿದ್ವಾಂಸರ ವಾದ. ಅಷ್ಟರಲ್ಲಿ ಸುನೊಮಾತಾದಲ್ಲಿ ಎತ್ತರದ ಕೋಟೆ ಆಕಾರದ ಮ್ಯೂಸಿಯಂ ಎದ್ದು ನಿಂತಾಗಿತ್ತು! ಒಂದೇ ರಾತ್ರೀಲಿ ಕಟ್ಟಿದ ಮರದ ಠಾಣೆಗೆ ಅಂಥ ಗೋಪುರ ಎಲ್ಲಿಂದ ಬರ್ಬೇಕು ಹೇಳಿ.

ಬೆಟ್ಟದ_ಹೂವಾಡಿಗ
ನಮ್ಮ ಕಂಪನಿ ಮ್ಯಾನೇಜ್‌ಮೆಂಟ್ ತರಬೇತಿಯಲ್ಲಿ ಇವರ ಕಾಟ ಜಾಸ್ತಿ. ಕೋಗಿಲೆ ಹಾಡದಿದ್ರೆ ನೊಬುನಾಗಾ ಕೊಲ್ತಾನೆ, ಹಿದೆಯೋಶಿ ಹಾಡಿಸ್ತಾನೆ, ಇಯೆಯಾಸು ಕಾಯ್ತಾನೆ. 'ನೀವು ಯಾರು?' ಅಂತ ಫಾರ್ಮ್ ತುಂಬಿಸಿದ್ರು. ಎಲ್ಲರೂ ಇಯೆಯಾಸು ಅಂತ ಬರೆದ್ರು, ಅಪ್ರೈಸಲ್ ಹತ್ತಿರ ಇತ್ತಲ್ಲ.

ಹಾಸನದ_ಮೇಷ್ಟ್ರು
ಆ ಕೋಗಿಲೆ ಪದ್ಯಗಳನ್ನ ಮೂವರಲ್ಲಿ ಯಾರೂ ಹೇಳಿಲ್ಲ. ಎಡೋ ಕಾಲದ ಕೊನೆಗೆ ಮಾತ್ಸುರಾ ಸೆಯಿಝಾನ್ ಅನ್ನೋ ದೈಮ್ಯೋ (ಪ್ರಾಂತ್ಯದ ದೊರೆ) ತನ್ನ ಹರಟೆ ಬರಹಗಳಲ್ಲಿ ಬರೆದಿಟ್ಟದ್ದು. ಆಗ ಆಳ್ತಿದ್ದವರು ಇಯೆಯಾಸು ವಂಶದವರು. ಕಾದವನೇ ಜಾಣ ಅಂತ ಬಂದಿದ್ದರಲ್ಲಿ ಆಶ್ಚರ್ಯ ಏನಿದೆ?

ಮ್ಯಾನೇಜ್‌ಮೆಂಟ್ ಹುಚ್ಚು ಜಪಾನಿನದ್ದೇ. ಯಾಮಾಓಕಾ ಸೊಹಾಚಿ ಇಯೆಯಾಸು ಮೇಲೆ 1950ರಿಂದ 1967ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಕಾದಂಬರಿ ಬರೆದ, ಪುಸ್ತಕವಾದಾಗ 26 ಸಂಪುಟ. ಅದನ್ನ ಕಂಪನಿ ಮಾಲೀಕರು ಗೀತೆ ಥರ ಓದಿದ್ರು. ಯುದ್ಧದಲ್ಲಿ ಸೋತ ದೇಶಕ್ಕೆ ತಾಳ್ಮೆಯಿಂದ ಗೆಲ್ಲೋ ನಾಯಕ ಬೇಕಿತ್ತು, ಸಿಕ್ಕಿದ.

ಗೇಮರ್_ಗುಂಡ
ಇಯೆಯಾಸು ಕುದುರೆ ಮೇಲೆ ಹೆದರಿ 'ಮಾಡ್ಕೊಂಡ' ಕಥೆ ಯಾರೂ ಹೇಳಲ್ವಾ 😂

ಹೊಸ_ಓದುಗ
ಅದೇನದು?

ಗೇಮರ್_ಗುಂಡ
1573ರ ಮಿಕಾತಾಗಾಹಾರಾದಲ್ಲಿ ತಾಕೆದಾ ಶಿಂಗೆನ್ ಕೈಲಿ ಚೆನ್ನಾಗಿ ಹೊಡೆಸ್ಕೊಂಡು ಓಡಿ ಬಂದ. ಜೀನು ನೋಡಿ ಬಂಟ ನಕ್ಕ. ಇಯೆಯಾಸು 'ಅದು ಬುತ್ತಿಗೆ ಕಟ್ಟಿಸ್ಕೊಂಡಿದ್ದ ಮಿಸೋ (ಸೋಯಾ ಗೊಜ್ಜು) ಕಣೋ' ಅಂದ. ಆಮೇಲೆ ಅವಮಾನ ಮರೀಬಾರ್ದು ಅಂತ ಮುಖ ಸಿಂಡರಿಸ್ಕೊಂಡು ಕೂತಿರೋ ಚಿತ್ರ ಬರೆಸ್ದ. ಅದು ಇವತ್ತಿಗೂ ಇದೆ.

ನಾಗೋಯಾ_ಕನ್ನಡಿಗ
ಚಿತ್ರ ಇದೆ, ಇಲ್ಲೇ ತೊಕುಗಾವಾ ಕಲಾ ಮ್ಯೂಸಿಯಂನಲ್ಲಿ. ಕಾಲು ಮಡಚಿ, ಕೈ ಗಲ್ಲಕ್ಕೆ ಇಟ್ಟು, ಹಲ್ಲು ಕಾಣೋ ಹಾಗೆ ಮುಖ ಹಿಂಡಿದಾನೆ. ಆದ್ರೆ ಸೋಲಿನ ನೆನಪಿಗೆ ಬರೆಸಿದ್ದು ಅನ್ನೋ ಕಥೆ ಅದಕ್ಕೆ ಅಂಟಿದ್ದು 20ನೇ ಶತಮಾನದಲ್ಲಿ ಅಂತ ಆ ಮ್ಯೂಸಿಯಂನ ಸಂಶೋಧಕರೇ ತೋರಿಸಿದಾರೆ. ಮಿಸೋ ಕಥೆಯೂ ಆ ಕಾಲದ ಬರಹಗಳಲ್ಲಿಲ್ಲ. ಸೋಲು ಮಾತ್ರ ಅಪ್ಪಟ ನಿಜ.

ಕೊಡಗಿನ_ಕೋವಿ
ಎಲ್ಲ ಕಥೆಗೂ 'ಅದು ಆಮೇಲಿನದ್ದು' ಅಂತೀರಲ್ಲ, ಸಮುರಾಯ್‌ಗಳ ನೀತಿ ಅಂತಾರಲ್ಲ, ಆ ಬುಷಿಡೋನಾದ್ರೂ ಹಳೇದೋ?

ಹಾಸನದ_ಮೇಷ್ಟ್ರು
ಈಗ ಲೋಕವೆಲ್ಲ ಓದೋ ಬುಷಿಡೋ ಪುಸ್ತಕ ನಿತೊಬೆ ಇನಾಝೊ ಅಮೆರಿಕದಲ್ಲಿದ್ದಾಗ ಇಂಗ್ಲಿಷಿನಲ್ಲಿ ಬರೆದು 1900ರ ಹೊತ್ತಿಗೆ ಪ್ರಕಟಿಸಿದ್ದು. ಪಾಶ್ಚಾತ್ಯರಿಗೆ ನಮ್ಮಲ್ಲೂ ಧರ್ಮ ಇದೆ ಅಂತ ಹೇಳೋಕೆ ಬರೆದದ್ದು. ಬರೆದವರು ಕ್ರೈಸ್ತರು, ಕೃಷಿ ವಿಜ್ಞಾನ ಓದಿದವರು. ಸಾಯೋದೇ ಸಮುರಾಯ್ ದಾರಿ ಅನ್ನೋ 'ಹಾಗಾಕುರೆ' 18ನೇ ಶತಮಾನದ್ದು; ಅದನ್ನ ಹೇಳಿ ಬರೆಸಿದ ಯಾಮಾಮೊತೊ ತ್ಸುನೆತೊಮೊ ಯುದ್ಧ ಕಂಡವನೇ ಅಲ್ಲ. ನಿಜವಾಗಿ ಹೊಡೆದಾಡಿದ ಕಾಲದವರು ಲಾಭ ಕಂಡ ಕಡೆ ವಾಲಿದ್ರು. 1600ರಲ್ಲಿ ಸೆಕಿಗಾಹಾರಾದಲ್ಲಿ ಕೊಬಾಯಾಕಾವಾ ಹಿದೆಆಕಿ ನಡು ಯುದ್ಧದಲ್ಲಿ ಪಕ್ಷ ಬದಲಾಯಿಸಿದ್ದಕ್ಕೇ ಇಯೆಯಾಸು ಶೋಗುನ್ ಆಗೋ ದಾರಿ ತೆರೆದದ್ದು.

ಬೆಟ್ಟದ_ಹೂವಾಡಿಗ
ಅಂದ್ರೆ ನಮ್ಮ ಶಾಸಕರೂ ಸಮುರಾಯ್‌ಗಳೇ.

ನಿರ್ವಾಹಕ
ರಾಜಕೀಯ ಬೇಡ.

ಹೊಸ_ಓದುಗ
ಚರ್ಚೆ ಭರ್ಜರಿ ನಡೀತಿದೆ, ಆದ್ರೆ ಯಾವ ಪುಸ್ತಕ ಅಂತ ಯಾರೂ ಹೇಳಿಲ್ಲ!

ಹಾಸನದ_ಮೇಷ್ಟ್ರು
ಗ್ಯೂಇಚಿಯನ್ನೇ ಓದಿ. ಎಲಿಸೋನಾಸ್ ಮತ್ತು ಲಾಮರ್ಸ್ ಮಾಡಿದ ಇಂಗ್ಲಿಷ್ ಅನುವಾದ 2011ರಲ್ಲಿ ಬಂದಿದೆ. ಬೆಲೆ ನೋಡಿದ್ರೆ ಎದೆ ಝಲ್ ಅನ್ನುತ್ತೆ, ಲೈಬ್ರರಿಯಲ್ಲಿ ಸಿಕ್ಕಿದ್ರೆ ಪುಣ್ಯ. ಯಾರಿಗೆ ಎಷ್ಟು ಬಟ್ಟೆ, ಎಷ್ಟು ಗಿಡುಗ ಕಾಣಿಕೆ ಬಂತು ಅಂತ ಪುಟಗಟ್ಟಲೆ ಬರುತ್ತೆ, ಬೇಜಾರಾದ್ರೆ ಹಾರಿಸಿ. 1574ರಲ್ಲಿ ನಾಗಾಶಿಮಾದಲ್ಲಿ ಸುತ್ತ ಬೇಲಿ ಹಾಕಿ ಸುಮಾರು ಇಪ್ಪತ್ತು ಸಾವಿರ ಗಂಡಸರು ಹೆಂಗಸರನ್ನ ಸುಟ್ಟದ್ದನ್ನೂ ಅದೇ ಧಾಟಿಯಲ್ಲಿ ಬರೀತಾನೆ. ಆ ಪುಟ ಹಾರಿಸಬೇಡಿ. ಹಿದೆಯೋಶಿಗೆ ಮೇರಿ ಎಲಿಜಬೆತ್ ಬೆರ್ರಿ 1982ರಲ್ಲಿ ಬರೆದದ್ದು. ಭೂಮಿ ಅಳತೆ, 1588ರ ಕತ್ತಿ ಜಪ್ತಿ, ಇವೆಲ್ಲ ರಾಜ್ಯ ಹೇಗೆ ಕಟ್ಟಿದವು ಅನ್ನೋದು ಅದರಲ್ಲಿ ಅರ್ಥ ಆಗುತ್ತೆ.

ಧಾರವಾಡಿ_ದಾದಾ
ಮೊದಲನೇ ಪುಸ್ತಕಾನ ಇಂಥಾ ಗಟ್ಟಿ ಕೊಟ್ರ ಹುಡುಗ ಓದೂದ ಬಿಡ್ತಾನ್ರೀ. ನನ್ನ ಕೇಳಿದ್ರ, ಸ್ಯಾಡ್ಲರ್ 1937ರಾಗ ಬರದ ಇಯೆಯಾಸು ಚರಿತ್ರಿ. ಹಳೇದು, ಇದ್ದಬಿದ್ದ ದಂತಕಥಿ ಎಲ್ಲಾ ಐತಿ, ಓದಾಕ ಬೆಣ್ಣಿ. ಮೊದಲ ಅದನ್ನ ಓದು ತಮ್ಮಾ, ಆಮೇಲೆ ಮೇಷ್ಟ್ರ ಪುಸ್ತಕ ಹಿಡದು ಒಂದೊಂದ ಕಥಿ ಒಡಕೋತ ಹೋಗು. ಒಡಿಯಾಕರ ಕಥಿ ಗೊತ್ತಿರಬೇಕಲ್ಲ.

ಮಲ್ಲಿಗೆ_ಮೊಗ್ಗು
ಪುಸ್ತಕ ಕೊಳ್ಳೋ ಮೊದಲು ಕೊನೇ ಪುಟಗಳನ್ನ ತಿರುವಿ ಹಾಕಿ. ಸಂಭಾಷಣೆ ಇರೋ ಕಡೆ ಅಡಿಟಿಪ್ಪಣಿ ಇದೆಯಾ ನೋಡಿ. ನೊಬುನಾಗಾ 'ಗುಡುಗಿದ', ಹಿದೆಯೋಶಿ 'ಮುಗುಳ್ನಕ್ಕ' ಅಂತ ಇದ್ದು ಟಿಪ್ಪಣಿ ಇಲ್ಲ ಅಂದ್ರೆ ಕಾದಂಬರಿ ಅಂತಲೇ ಓದ್ಕೊಳ್ಳಿ. ಹಳೇ ಪುಸ್ತಕ ಮಾರೋರೊಬ್ಬರು ನನಗೆ ಕೊನೇ ಮೂವತ್ತು ಪುಟ ಕಿತ್ತುಹೋದ ಪ್ರತಿ ಕಳಿಸಿದ್ರು. 'ಕಥೆ ಪೂರ್ತಿ ಇದೆ ಮೇಡಂ, ಹೋಗಿರೋದು ಬರೀ ಟಿಪ್ಪಣಿ' ಅಂದ್ರು!

ಗೇಮರ್_ಗುಂಡ
ಕೊನೇ ಪ್ರಶ್ನೆ. ನೊಬುನಾಗಾಗೆ ತಿರುಗಿಬಿದ್ದ ದೊರೆ ಮಾತ್ಸುನಾಗಾ ಹಿಸಾಹಿದೆ. ನೊಬುನಾಗಾ ಕೇಳಿದ ಚಹಾ ಕೆಟಲ್ ಕೊಡಲ್ಲ ಅಂತ ಅದರೊಳಗೆ ಮದ್ದು ತುಂಬಿ ತನ್ನನ್ನೂ ಸೇರಿಸಿ ಉಡಾಯಿಸ್ಕೊಂಡ. ಇದೊಂದಾದ್ರೂ ನಿಜ ಅಂತ ಹೇಳ್ರಪ್ಪಾ.

ನಾಗೋಯಾ_ಕನ್ನಡಿಗ
1577ರಲ್ಲಿ ಶಿಗಿಸಾನ್ ಕೋಟೆಯಲ್ಲಿ ಸತ್ತ, ಕೋಟೆಗೆ ಬೆಂಕಿ ಬಿತ್ತು, ಇಷ್ಟು ನಿಜ. ನಾರಾದ ಒಂದು ಮಠದ ದಿನಚರಿಯಲ್ಲಿ ಅಪ್ಪ ಮಗ ಹೊಟ್ಟೆ ಸೀಳಿಕೊಂಡು ಸುಟ್ಟುಕೊಂಡರು, ತಲೆಗಳನ್ನ ಆಜುಚಿಗೆ ಕಳಿಸಿದರು ಅಂತ ಇದೆ. ಮದ್ದು ಸಿಡಿದಿದ್ರೆ ಕಳಿಸೋಕೆ ತಲೆ ಎಲ್ಲಿರ್ತಿತ್ತು? ಹತ್ತು ವರ್ಷದ ಹಿಂದೆ, 1567ರಲ್ಲಿ, ಇವನ ಯುದ್ಧದಲ್ಲೇ ನಾರಾದ ಮಹಾಬುದ್ಧನ ಮಂದಿರ ಸುಟ್ಟಿತ್ತು. ಅದೇ ತಿಂಗಳು, ಅದೇ ತಾರೀಖು ಇವನೂ ಸುಟ್ಟ. ಆ ಕಾಲದ ಜನರನ್ನ ಬೆಚ್ಚಿಬೀಳಿಸಿದ್ದು ಇದು, ಕೆಟಲ್ ಅಲ್ಲ.

ಗೇಮರ್_ಗುಂಡ
ಹೋಗ್ಲಿ ಬಿಡಿ, ಅದೂ ಹೋಯ್ತು.

ಧಾರವಾಡಿ_ದಾದಾ
ಚಾ ಪಾತ್ರಿಗೆ ಒಂದು ಸೀಮಿ ಬರದು ಕೊಡೂ ಮಂದಿ ಇದ್ರು ಆಗ. ಅದು ದೊಡ್ಡ ವಿಷಯ, ಬ್ಯಾರೆ ಎಳಿ ತಗೀತೇನಿ, ನಿರ್ವಾಹಕರು ಬೈಯೂದ್ರೊಳಗ. ಕುಡ್ಲದವರು ಅಲ್ಲೇ ಬರ್ರಿ, ಚಾ ಕುಡಿಯೂ ಪಾದ್ರಿಗಳ ಸುದ್ದಿ ನಿಮ್ಮ ಹಂತ್ಯಾಕ ಇರಬೇಕು.